ಗೇರ್ ಇಳಿಸಿ ನೋಡಿ, ಆಮೇಲೆ ಕಾರು ತಗೊಳ್ಳಿ

ನಮ್ಮ ಗ್ಯಾರೇಜಿಗೆ ಬರುವ ಹುಡುಗರದ್ದು ಒಂದೇ ಪ್ರಶ್ನೆ. "ಅಣ್ಣ, ಚೆನ್ನಾಗಿ ಓಡಿಸೋಕೆ ಮ್ಯಾನುವಲ್ ತಗೊಳ್ಳಲಾ, ಪ್ಯಾಡಲ್ ಇರೋ ಆಟೊಮ್ಯಾಟಿಕ್ ತಗೊಳ್ಳಲಾ?" ಉತ್ತರ ಕೊಡುವ ಮುಂಚೆ ನಾನು ತಿರುಗಿ ಕೇಳುತ್ತೇನೆ: ಟೆಸ್ಟ್ ಡ್ರೈವ್‌ನಲ್ಲಿ ಏನು ಮಾಡಿದೆ? ಎಲ್ಲರ ಕಥೆಯೂ ಒಂದೇ. ಖಾಲಿ ರೋಡ್ ಸಿಕ್ಕಿತು, ಆ್ಯಕ್ಸಿಲರೇಟರ್ ಪೂರ್ತಿ ತುಳಿದೆ, ಬೆನ್ನು ಸೀಟಿಗೆ ಅಂಟಿಕೊಂಡಿತು. ಅಲ್ಲಿಗೆ ಎಂಜಿನ್ ಪರೀಕ್ಷೆ ಆಯ್ತು. ಗೇರ್‌ಬಾಕ್ಸ್ ಪರೀಕ್ಷೆ ಇನ್ನೂ ಶುರುವೇ ಆಗಿಲ್ಲ.

ಗೇರ್‌ಬಾಕ್ಸಿನ ಬಂಡವಾಳ ಬಯಲಾಗುವುದು ಗೇರ್ ಇಳಿಸುವಾಗ. ತಿರುವು ಬರುತ್ತಿದೆ, ಜೋರಾಗಿ ಬ್ರೇಕ್ ಹಾಕಿದ್ದೀರಿ, ಕಾರಿನ ಭಾರವೆಲ್ಲ ಮುಂದಕ್ಕೆ ಬಂದಿದೆ, ಹಿಂದಿನ ಚಕ್ರ ಹಗುರವಾಗಿದೆ. ಆಗ ನೀವು ಕೇಳಿದ ಗೇರ್ ಕೇಳಿದ ಹೊತ್ತಿಗೆ ಸಿಗಬೇಕು, ಎಳೆತ ಇಲ್ಲದೆ ಸಿಗಬೇಕು. ಮ್ಯಾನುವಲ್‌ನಲ್ಲಿ ಅದು ನಿಮ್ಮ ಕೈಕಾಲಿನ ಕೆಲಸ. ಆಟೊಮ್ಯಾಟಿಕ್‌ನಲ್ಲಿ ಕಂಪ್ಯೂಟರಿನ ಕೆಲಸ.

ನನ್ನೂರು ಮೂಡಿಗೆರೆ. ಚಾರ್ಮಾಡಿ ಘಾಟಿಯಲ್ಲಿ ಕ್ಲಚ್ ಸುಟ್ಟ ವಾಸನೆ ಕುಡಿದೇ ಬೆಳೆದವನು. ಈಗ ಬೆಂಗಳೂರಲ್ಲಿ ಗ್ಯಾರೇಜ್ ಇದೆ, ಕ್ಲಚ್ ಮತ್ತು ಗೇರ್‌ಬಾಕ್ಸ್ ಕೆಲಸವೇ ಜಾಸ್ತಿ. ಆಗಾಗ ಗಿರಾಕಿಗಳ ಜೊತೆ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೆ ಟ್ರ್ಯಾಕ್ ಡೇಗೆ, ಅಂದರೆ ಸ್ವಂತ ಕಾರನ್ನು ರೇಸ್ ಟ್ರ್ಯಾಕಿನಲ್ಲಿ ಓಡಿಸುವ ದಿನಕ್ಕೆ, ಹೋಗುತ್ತೇನೆ. ಅಲ್ಲಿ ನೋಡಿದ್ದು, ಇಲ್ಲಿ ಬಿಚ್ಚಿ ನೋಡಿದ್ದು, ಎರಡನ್ನೂ ಸೇರಿಸಿ ಹೇಳುತ್ತಿದ್ದೇನೆ.

ಪ್ಯಾಡಲ್ ಅಂದರೆ ಬರೀ ಸ್ವಿಚ್

ಮೊದಲು ಇದು ತಲೆಯಲ್ಲಿ ಕೂರಲಿ. ಸ್ಟೀರಿಂಗ್ ಹಿಂದಿನ ಪ್ಯಾಡಲ್ ಒಂದು ಸ್ವಿಚ್ ಅಷ್ಟೇ. ಬಲಗಡೆಯದು ಪ್ಲಸ್, ಎಡಗಡೆಯದು ಮೈನಸ್. ಅದನ್ನು ಎಳೆದಾಗ "ಗೇರ್ ಬದಲಿಸು" ಅಂತ ಕಂಪ್ಯೂಟರಿಗೆ ಅರ್ಜಿ ಹೋಗುತ್ತದೆ. ಅರ್ಜಿ ಎಷ್ಟು ಬೇಗ ಪಾಸಾಗುತ್ತದೆ ಅನ್ನುವುದು ಕೆಳಗೆ ಯಾವ ಗೇರ್‌ಬಾಕ್ಸ್ ಕೂತಿದೆ ಅನ್ನುವುದರ ಮೇಲೆ ನಿಂತಿದೆ.

ಫೋಕ್ಸ್‌ವ್ಯಾಗನ್ ವರ್ಟಸ್ ಉದಾಹರಣೆ ತಗೊಳ್ಳಿ. 2022ರಲ್ಲಿ ಈ ಕಾರು ಬಂದಾಗ 1.0 ಟಿಎಸ್‌ಐ ಟರ್ಬೊ ಪೆಟ್ರೋಲ್ ಎಂಜಿನ್‌ಗೆ ಕೊಟ್ಟಿದ್ದು 6 ಗೇರಿನ ಟಾರ್ಕ್ ಕನ್ವರ್ಟರ್, ಅಂದರೆ ಕ್ಲಚ್ ಬದಲು ಎಣ್ಣೆಯ ಮೂಲಕ ಎಂಜಿನ್ ಬಲ ದಾಟಿಸುವ ಆಟೊಮ್ಯಾಟಿಕ್. 1.5 ಟಿಎಸ್‌ಐಗೆ ಕೊಟ್ಟಿದ್ದು 7 ಗೇರಿನ ಡಿಎಸ್‌ಜಿ, ಅಂದರೆ ಎರಡು ಕ್ಲಚ್ ಇರುವ ಗೇರ್‌ಬಾಕ್ಸ್. ಒಂದೇ ಕಾರು, ಒಂದೇ ಥರದ ಪ್ಯಾಡಲ್, ಒಳಗಿರುವುದು ಬೇರೆ ಬೇರೆ. ಶೋರೂಮಿನಲ್ಲಿ "ಪ್ಯಾಡಲ್ ಇದೆ ಸಾರ್" ಅಂದರೆ "ಯಾವ ಗೇರ್‌ಬಾಕ್ಸ್?" ಅಂತ ಕೇಳಿ. ಸೇಲ್ಸ್ ಹುಡುಗನಿಗೆ ಗೊತ್ತಿಲ್ಲದಿದ್ದರೆ ಬ್ರೋಷರ್ ತರಿಸಿ.

ಹೋಂಡಾ ಸಿಟಿಯ ಸಿವಿಟಿಯಲ್ಲೂ ಪ್ಯಾಡಲ್ ಇದೆ. ಆದರೆ ಸಿವಿಟಿಯಲ್ಲಿ ಹಲ್ಲಿನ ಗೇರುಗಳೇ ಇಲ್ಲ. ಎರಡು ಪುಲ್ಲಿ, ನಡುವೆ ಒಂದು ಬೆಲ್ಟ್. ಪ್ಯಾಡಲ್ ಎಳೆದರೆ ಕಂಪ್ಯೂಟರ್ ಒಂದು ಅನುಪಾತದಲ್ಲಿ ಪುಲ್ಲಿಯನ್ನು ನಿಲ್ಲಿಸಿ ಗೇರಿನ ಹಾಗೆ ನಟಿಸುತ್ತದೆ. ಆರಾಮದ ಕಾರು, ಮನೆಯವರಿಗೆ ಒಳ್ಳೆಯದು, ನಮ್ಮ ಈ ವಿಷಯಕ್ಕೆ ಸಂಬಂಧ ಇಲ್ಲ. ಎಎಂಟಿಯೂ ಅಷ್ಟೇ. ಅದು ಮ್ಯಾನುವಲ್ ಗೇರ್‌ಬಾಕ್ಸಿಗೇ ಒಂದು ರೋಬೊ ಕೂರಿಸಿದ್ದು. ಗೇರ್ ಬದಲಾಗುವಾಗ ತಲೆ ಆಡುತ್ತದೆ. ನೆಕ್ಸಾನ್ ಇವಿಯ ಪ್ಯಾಡಲ್ ಅಂತೂ ಗೇರಿಗೆ ಅಲ್ಲವೇ ಅಲ್ಲ, ರೀಜೆನ್ ಬ್ರೇಕಿಂಗ್ (ವೇಗ ಇಳಿಯುವಾಗ ಬ್ಯಾಟರಿ ಚಾರ್ಜ್ ಮಾಡಿಕೊಳ್ಳುವುದು) ಜಾಸ್ತಿ ಕಡಿಮೆ ಮಾಡುವುದಕ್ಕೆ.

ಟಾರ್ಕ್ ಕನ್ವರ್ಟರ್ ಅಂದ ತಕ್ಷಣ ಮೂಗು ಮುರಿಯಬೇಡಿ. ಬಿಎಂಡಬ್ಲ್ಯು ತನ್ನ ಎಂ5 ಕಾರಿನಲ್ಲಿ ಎರಡು ಕ್ಲಚ್ಚಿನ ಗೇರ್‌ಬಾಕ್ಸ್ ಬಿಟ್ಟು 2017ರಲ್ಲಿ 8 ಗೇರಿನ ಟಾರ್ಕ್ ಕನ್ವರ್ಟರ್‌ಗೆ ಬಂತು. ಜಡ್‌ಎಫ್ ಕಂಪನಿಯ ಅಂಥ ಗೇರ್‌ಬಾಕ್ಸ್ ಕೈಗೆ ಸಿಕ್ಕರೆ ನನಗೂ ಏನೂ ತಕರಾರಿಲ್ಲ. ಹದಿನೈದು ಇಪ್ಪತ್ತು ಲಕ್ಷದ ಕಾರಿನಲ್ಲಿ ಸಿಗುವ ಟಾರ್ಕ್ ಕನ್ವರ್ಟರ್ ಆ ಮಟ್ಟದ್ದಲ್ಲ, ಅಷ್ಟೇ. ಅದು ಗಟ್ಟಿ, ಟ್ರಾಫಿಕ್ಕಿಗೆ ಹೇಳಿ ಮಾಡಿಸಿದ್ದು, ಆದರೆ ಪ್ಯಾಡಲ್ ಎಳೆದ ಮೇಲೆ ಸ್ವಲ್ಪ ಯೋಚನೆ ಮಾಡಿ ಗೇರ್ ಕೊಡುತ್ತದೆ.

ಎರಡು ಕ್ಲಚ್ಚಿನ ಒಳಗೆ ಏನಾಗುತ್ತದೆ

ಡಿಸಿಟಿ ಅನ್ನಿ, ಡಿಎಸ್‌ಜಿ ಅನ್ನಿ, ತತ್ವ ಒಂದೇ. 1, 3, 5, 7 ಒಂದು ಕ್ಲಚ್ಚಿನ ಮೇಲೆ. 2, 4, 6 ಇನ್ನೊಂದರ ಮೇಲೆ. ನೀವು 3ರಲ್ಲಿ ಓಡಿಸುತ್ತಿರುವಾಗಲೇ 4 ಅಥವಾ 2 ಆ ಕಡೆ ರೆಡಿಯಾಗಿ ಕೂತಿರುತ್ತದೆ. ಪ್ಯಾಡಲ್ ಎಳೆದರೆ ಒಂದು ಕ್ಲಚ್ ಬಿಡುತ್ತದೆ, ಇನ್ನೊಂದು ಹಿಡಿಯುತ್ತದೆ. ಅದಕ್ಕೇ ಅಷ್ಟು ಬೇಗ.

ಇಲ್ಲಿ ಒಂದು ಕೊಕ್ಕೆ ಇದೆ. ನೀವು ಮುಂದೆ ಏನು ಕೇಳುತ್ತೀರಿ ಅಂತ ಕಂಪ್ಯೂಟರ್ ಊಹೆ ಮಾಡುತ್ತಿರುತ್ತದೆ. ವೇಗ ಏರುತ್ತಿದ್ದರೆ ಮೇಲಿನ ಗೇರ್ ರೆಡಿ ಮಾಡಿಟ್ಟುಕೊಳ್ಳುತ್ತದೆ. ಆ ಹೊತ್ತಿಗೆ ನೀವು ಎಡಗಡೆ ಪ್ಯಾಡಲ್ ಎಳೆದರೆ ಊಹೆ ತಪ್ಪಿತು, ಮತ್ತೆ ಗೇರ್ ಹುಡುಕಬೇಕು. ಇನ್ನೊಂದು, 4ರಿಂದ 2ಕ್ಕೆ ನೇರವಾಗಿ ಕ್ಲಚ್ ಬದಲಿಸಿ ಹೋಗಲು ಆಗುವುದಿಲ್ಲ, ಎರಡೂ ಒಂದೇ ಕ್ಲಚ್ಚಿನ ಮೇಲಿವೆ. ನಡುವೆ 3ನ್ನು ಮುಟ್ಟಿ ಬರಬೇಕು. ಪ್ಯಾಡಲ್ ಟಕಟಕ ಎರಡು ಸಲ ಎಳೆದಾಗ ಅರೆಕ್ಷಣ ಕಾರು ಸುಮ್ಮನಿದ್ದ ಹಾಗೆ ಅನ್ನಿಸುವುದು ಇದಕ್ಕೇ.

ಹಾಗಾಗಿ ಡಿಸಿಟಿ ಓಡಿಸುವ ರೀತಿ ಹೀಗೆ. ಮೊದಲು ಬ್ರೇಕ್. ವೇಗ ಇಳಿಯಲು ಶುರುವಾದ ಮೇಲೆ ಒಂದು ಎಳೆತ. ಗೇರ್ ಬಂದಿದ್ದು ಕಿವಿಗೆ ಕೇಳಿಸಲಿ, ಆಮೇಲೆ ಇನ್ನೊಂದು. ವೇಗ ಇನ್ನೂ ಜಾಸ್ತಿ ಇರುವಾಗಲೇ ಎಳೆದರೆ ಎಂಜಿನ್ ಮಿತಿ ಮೀರುತ್ತದೆ ಅಂತ ಕಂಪ್ಯೂಟರ್ ಅರ್ಜಿಯನ್ನೇ ತಿರಸ್ಕರಿಸುತ್ತದೆ. ಟ್ರ್ಯಾಕಿಗೆ ಮೊದಲ ಸಲ ಬಂದವರು "ಪ್ಯಾಡಲ್ ಕೆಲಸ ಮಾಡ್ತಿಲ್ಲ ಅಣ್ಣ" ಅಂತ ಪಿಟ್‌ಗೆ ಬರುವುದು ಈ ಕಾರಣಕ್ಕೇ.

ಇನ್ನೆರಡು ವಿಷಯ ಕಾರಿನ ಜೊತೆ ಕೊಡುವ ಪುಸ್ತಕ ಓದದಿದ್ದರೆ ಗೊತ್ತಾಗುವುದಿಲ್ಲ. ಡಿ ಮೋಡಿನಲ್ಲಿ ಪ್ಯಾಡಲ್ ಎಳೆದರೆ ಬಹಳಷ್ಟು ಕಾರುಗಳು ಕೆಲವೇ ಸೆಕೆಂಡಿನಲ್ಲಿ ಮತ್ತೆ ತಮ್ಮ ಪಾಡಿಗೆ ಆಟೊಮ್ಯಾಟಿಕ್ ಆಗುತ್ತವೆ. ಲಿವರ್ ಅನ್ನು ಮೊದಲೇ ಎಂ (ಮ್ಯಾನುವಲ್ ಮೋಡ್) ಕಡೆಗೆ ಸರಿಸಿಕೊಳ್ಳಿ. ಎಂನಲ್ಲಿ ಇಟ್ಟರೂ ರೆಡ್‌ಲೈನ್, ಅಂದರೆ ಎಂಜಿನ್ ತಿರುಗುವ ವೇಗದ ಮಿತಿ, ಬಂದಾಗ ತಾನೇ ಮೇಲಿನ ಗೇರಿಗೆ ಹಾರುವ ಕಾರುಗಳಿವೆ. ಆ್ಯಕ್ಸಿಲರೇಟರ್ ತಳಕ್ಕೆ ತುಳಿದಾಗ ಕಾಲಿಗೆ ಒಂದು ಕಟಕ್ ಸಿಗುತ್ತದಲ್ಲ, ಅದನ್ನು ದಾಟಿಸಿದರೆ ಕೇಳದಿದ್ದರೂ ಗೇರ್ ಇಳಿಸುವ ಕಾರುಗಳೂ ಇವೆ. ತಿರುವಿನ ಮಧ್ಯೆ ಹೀಗಾದರೆ ಕಾರು ಅಲುಗಾಡುತ್ತದೆ.

ಮ್ಯಾನುವಲ್: ಮೂರು ಪೆಡಲ್, ಎರಡು ಕಾಲು

ಇಲ್ಲಿ ಕಲಿಯಬೇಕಾದ್ದು ಹೀಲ್ ಆ್ಯಂಡ್ ಟೋ, ಅಂದರೆ ಗೇರ್ ಇಳಿಸುವಾಗ ಬಲಗಾಲೊಂದರಲ್ಲೇ ಬ್ರೇಕೂ ಆ್ಯಕ್ಸಿಲರೇಟರೂ ತುಳಿಯುವುದು. ಹೆಸರಿನಲ್ಲಿ ಹಿಮ್ಮಡಿ ಇದೆ, ಆದರೆ ಈಗಿನ ಕಾರುಗಳಲ್ಲಿ ಅದರ ಕೆಲಸ ಕಡಿಮೆ.

4ರಲ್ಲಿ ಬರುತ್ತಿದ್ದೀರಿ, ತಿರುವಿಗೆ 3 ಬೇಕು ಅಂದುಕೊಳ್ಳಿ. ಬಲಗಾಲಿನ ಹೆಬ್ಬೆರಳಿನ ಬುಡದಿಂದ ಬ್ರೇಕ್ ತುಳಿಯಿರಿ. ಪಾದದ ಎಡ ಅರ್ಧ ಮಾತ್ರ ಬ್ರೇಕಿನ ಮೇಲಿರಲಿ. ಒತ್ತಡ ಒಂದು ಹದಕ್ಕೆ ಬಂದ ಮೇಲೆ ಎಡಗಾಲು ಕ್ಲಚ್ಚಿಗೆ, ಕೈ ಲಿವರಿಗೆ. ಲಿವರ್ 3ರೊಳಗೆ ಹೋಗುವಾಗಲೇ ಬಲಪಾದದ ಹೊರ ಅಂಚನ್ನು ಹೊರಳಿಸಿ ಆ್ಯಕ್ಸಿಲರೇಟರಿಗೆ ಒಂದು ಸಣ್ಣ ಗುದ್ದು ಕೊಡಿ. 4ರಲ್ಲಿ 3500 ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಇದ್ದರೆ 3ರಲ್ಲಿ 4500ರ ಮೇಲೆ ಬೇಕಾಗುತ್ತದೆ. ಆ ಸಾವಿರ ಆರ್‌ಪಿಎಂ ತುಂಬಿಕೊಡುವುದೇ ಆ ಗುದ್ದು. ಆಮೇಲೆ ಕ್ಲಚ್ ಬಿಡಿ. ಸರಿಯಾಗಿ ಬಂದರೆ ಗೇರ್ ಬಿದ್ದಿದ್ದೇ ಗೊತ್ತಾಗುವುದಿಲ್ಲ. ಬರದಿದ್ದರೆ ಕಾರು ಮುಗ್ಗರಿಸುತ್ತದೆ, ಮುಂದಿನ ಚಕ್ರ ಒಂದು ಕ್ಷಣ ಹಿಡಿತ ಬಿಡುತ್ತದೆ, ಮೂತಿ ತಿರುಗದೆ ನೇರ ಹೋಗುತ್ತದೆ.

ಇದನ್ನು ಕಲಿಯಲು ಕಾರೂ ಸಹಕರಿಸಬೇಕು. ನಮ್ಮಲ್ಲಿ ಬರುವ ಎಷ್ಟೋ ಕಾರುಗಳಲ್ಲಿ ಬ್ರೇಕ್ ಪೆಡಲ್ ಆ್ಯಕ್ಸಿಲರೇಟರಿಗಿಂತ ತುಂಬಾ ಮೇಲೆ ಇರುತ್ತದೆ. ಮೆಲ್ಲಗೆ ಬ್ರೇಕ್ ಹಿಡಿದಾಗ ಪಾದ ಆ ಕಡೆ ಎಟುಕುವುದೇ ಇಲ್ಲ. ಜೋರಾಗಿ ತುಳಿದಾಗ ಮಾತ್ರ ಎರಡೂ ಒಂದು ಮಟ್ಟಕ್ಕೆ ಬರುತ್ತವೆ. ಶೋರೂಮಿನಲ್ಲಿ ಎಂಜಿನ್ ಆನ್ ಮಾಡಿ, ಬ್ರೇಕ್ ಗಟ್ಟಿಯಾಗಿ ಒತ್ತಿ, ಪಾದ ಹೊರಳಿಸಿ ನೋಡಿ. ಎಂಜಿನ್ ಆಫ್ ಇದ್ದಾಗ ನೋಡಿದರೆ ಬ್ರೇಕ್ ಕಲ್ಲಿನ ಹಾಗೆ ಗಟ್ಟಿ ಇರುತ್ತದೆ, ಲೆಕ್ಕ ತಪ್ಪುತ್ತದೆ. ದಪ್ಪ ಅಟ್ಟೆಯ ಶೂ ಹಾಕಿಕೊಂಡು ಹೋಗಬೇಡಿ.

ಮ್ಯಾನುವಲ್‌ನ ದೊಡ್ಡ ಅಪಾಯ ಒಂದಿದೆ. ಅವಸರದಲ್ಲಿ 3ರಿಂದ 4ಕ್ಕೆ ಹಾಕಲು ಹೋಗಿ 2ಕ್ಕೆ ಹಾಕುವುದು. 3ರಲ್ಲಿ 6000 ಇದ್ದ ಎಂಜಿನ್ ಕ್ಲಚ್ ಬಿಟ್ಟ ಕೂಡಲೇ 9000 ಹತ್ತಿರ ಹೋಗುತ್ತದೆ. ಎಂಜಿನ್ ಮಿತಿ ಮೀರಿ ತಿರುಗದಂತೆ ತಡೆಯುವ ರೆವ್ ಲಿಮಿಟರ್ ಇಲ್ಲಿ ಕಾಪಾಡುವುದಿಲ್ಲ. ಅದು ಪೆಟ್ರೋಲ್ ನಿಲ್ಲಿಸಬಲ್ಲದು, ಇಲ್ಲಿ ಎಂಜಿನ್ನನ್ನು ತಿರುಗಿಸುತ್ತಿರುವುದು ಚಕ್ರ. ವಾಲ್ವ್ ಹೋಗಿ ಪಿಸ್ಟನ್ ಮುಟ್ಟಿದರೆ ಹೆಡ್ ಬಿಚ್ಚಬೇಕು. ಲಿವರನ್ನು ಮುಷ್ಟಿಯಲ್ಲಿ ಹಿಡಿದು ಎಳೆದಾಡುವವರಿಗೆ ಹೀಗಾಗುತ್ತದೆ. 3ರಿಂದ 4ಕ್ಕೆ ಅಂಗೈ ತೆರೆದು ನೇರ ಹಿಂದಕ್ಕೆ ಎಳೆಯಿರಿ, ಸ್ಪ್ರಿಂಗ್ ತಾನೇ ದಾರಿ ತೋರಿಸುತ್ತದೆ. ಪ್ಯಾಡಲ್ ಕಾರಿನಲ್ಲಿ ಈ ಭಯ ಇಲ್ಲ.

ಹಾಗಾದರೆ ಬೇಗ ಹೋಗುವುದು ಯಾವುದು?

ಪ್ಯಾಡಲ್. ಇದರಲ್ಲಿ ವಾದ ಬೇಡ. 1989ರಲ್ಲಿ ಫೆರಾರಿ 640 ಕಾರು ಫಾರ್ಮುಲಾ 1ಗೆ ಪ್ಯಾಡಲ್ ತಂದಿತು. ಜಾನ್ ಬರ್ನಾರ್ಡ್ ವಿನ್ಯಾಸ. ಟೆಸ್ಟಿಂಗ್‌ನಲ್ಲಿ ಆ ಗೇರ್‌ಬಾಕ್ಸ್ ಕೈಕೊಡುತ್ತಲೇ ಇತ್ತು. ಆದರೂ ಬ್ರೆಜಿಲ್‌ನ ಮೊದಲ ರೇಸನ್ನೇ ನೈಜೆಲ್ ಮ್ಯಾನ್ಸೆಲ್ ಗೆದ್ದರು. ಕೆಲವೇ ವರ್ಷಗಳಲ್ಲಿ ಎಲ್ಲ ತಂಡಗಳೂ ಅದೇ ದಾರಿ ಹಿಡಿದವು. ರೋಡ್ ಕಾರಿನ ಲೆಕ್ಕ ಬೇಕಾದರೆ ಪೋರ್ಷೆ 911 ಜಿಟಿ3 ನೋಡಿ. 2021ರ ಮಾಡೆಲ್‌ನಲ್ಲಿ ಪಿಡಿಕೆ (ಪೋರ್ಷೆಯ ಎರಡು ಕ್ಲಚ್ಚಿನ) ಗೇರ್‌ಬಾಕ್ಸ್ ಇದ್ದರೆ ಸೊನ್ನೆಯಿಂದ ನೂರಕ್ಕೆ 3.4 ಸೆಕೆಂಡ್, ಮ್ಯಾನುವಲ್ ಇದ್ದರೆ 3.9. ಮ್ಯಾನುವಲ್ ಕಾರು ಹದಿನೇಳು ಕಿಲೋ ಹಗುರ, ಆದರೂ ನಿಧಾನ.

ತಮಾಷೆ ಏನೆಂದರೆ, 2013ರಲ್ಲಿ ಇದೇ ಜಿಟಿ3ಯನ್ನು ಬರೀ ಪಿಡಿಕೆಯಲ್ಲಿ ಕೊಟ್ಟಿದ್ದ ಪೋರ್ಷೆ 2017ರಲ್ಲಿ ಮತ್ತೆ ಮ್ಯಾನುವಲ್ ತಂದಿತು. ನಿಧಾನ ಅಂತ ಗೊತ್ತಿದ್ದೂ ಜನ ಕೇಳಿದರು. ಇನ್ನೊಂದು ಕಡೆ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ ನೋಡಿ. 2025ರಲ್ಲಿ ನಮ್ಮಲ್ಲಿಗೆ ಬಂದ ಮಾಡೆಲ್‌ಗೆ ಮ್ಯಾನುವಲ್ ಇಲ್ಲವೇ ಇಲ್ಲ, ಬರೀ ಡಿಎಸ್‌ಜಿ. ಬೇಕು ಅಂದರೂ ಆಯ್ಕೆ ಇಲ್ಲ.

ಆದರೆ ನಾವು ಕೊಳ್ಳುವ ಕಾರಿನಲ್ಲಿ ಆ ಅರ್ಧ ಸೆಕೆಂಡಿಗೆ ಬೆಲೆ ಕಟ್ಟುವುದರಲ್ಲಿ ಅರ್ಥ ಇಲ್ಲ. ಕರಿ ಟ್ರ್ಯಾಕ್ 2.1 ಕಿಲೋಮೀಟರ್. ತಿರುವುಗಳು ಹತ್ತಿರ ಹತ್ತಿರ. ಅಲ್ಲಿ ಹೊಸಬರ ಸಮಯ ಹಾಳಾಗುವುದು ತಪ್ಪು ಜಾಗದಲ್ಲಿ ಬ್ರೇಕ್ ಹಾಕುವುದರಿಂದ. ಪ್ಯಾಡಲ್ ಇದ್ದರೆ ಎರಡೂ ಕೈ ಸ್ಟೀರಿಂಗ್ ಮೇಲೆ, ಎಡಗಾಲಿಗೆ ಕೆಲಸ ಇಲ್ಲ, ಗಮನವೆಲ್ಲ ಲೈನ್ (ತಿರುವಿನಲ್ಲಿ ಕಾರು ಹಿಡಿಯುವ ದಾರಿ) ಮತ್ತು ಬ್ರೇಕಿನ ಮೇಲೆ. ಮೊದಲ ಟ್ರ್ಯಾಕ್ ಡೇಗೆ ಅದು ದೊಡ್ಡ ಅನುಕೂಲ. ಮ್ಯಾನುವಲ್‌ನವನು ಅದೇ ಹೊತ್ತಿನಲ್ಲಿ ಮೂರು ಕೆಲಸ ಕಲಿಯುತ್ತಿರುತ್ತಾನೆ. ನಿಧಾನ ಕಲಿಯುತ್ತಾನೆ, ಆದರೆ ಎಂಜಿನ್ ಎಲ್ಲಿ ಉಸಿರಾಡುತ್ತದೆ, ಯಾವ ತಿರುವಿಗೆ ಯಾವ ಗೇರ್ ಅನ್ನುವುದು ಅವನ ಮೈಗೆ ಹತ್ತುತ್ತದೆ.

ಟೆಸ್ಟ್ ಡ್ರೈವ್ ಹೀಗೆ ಮಾಡಿ

ಎರಡೂ ಗೇರ್‌ಬಾಕ್ಸ್ ಇರುವ ಕಾರನ್ನೇ ಆರಿಸಿ. ವರ್ಟಸ್ ಮತ್ತು ಸ್ಕೋಡಾ ಸ್ಲಾವಿಯಾದ 1.5, ಹ್ಯುಂಡೈ ವೆರ್ನಾ 1.5 ಟರ್ಬೊ, ಕ್ರೆಟಾ ಎನ್ ಲೈನ್, ಐ20 ಎನ್ ಲೈನ್, ಇವುಗಳಲ್ಲಿ ಮ್ಯಾನುವಲ್ಲೂ ಡಿಸಿಟಿಯೂ ಬಂದಿವೆ. ಒಂದೇ ದಿನ, ಒಂದರ ಹಿಂದೆ ಒಂದು ಓಡಿಸಿ. ಐ20 ಎನ್ ಲೈನ್ 2023ಕ್ಕಿಂತ ಹಳೆಯದಾದರೆ ಅದರಲ್ಲಿ ಮ್ಯಾನುವಲ್ ಬದಲು ಇರುವುದು ಐಎಂಟಿ. ಕ್ಲಚ್ ಪೆಡಲ್ ಇಲ್ಲ, ಲಿವರ್ ಮಾತ್ರ ಇದೆ. ನನ್ನ ಕೇಳಿದರೆ ಅದು ಆ ಕಡೆಯೂ ಇಲ್ಲ, ಈ ಕಡೆಯೂ ಇಲ್ಲ.

ಡಿಸಿಟಿಯಲ್ಲಿ ಎಂಗೆ ಹಾಕಿ, ಹಿಂದೆ ಯಾರೂ ಇಲ್ಲದಾಗ 60ರ ವೇಗದಲ್ಲಿ 4ರಲ್ಲಿ ಬ್ರೇಕ್ ಹಿಡಿದು ಒಂದು ಸಲ ಎಳೆಯಿರಿ, ಆಮೇಲೆ ಇನ್ನೊಂದು ಸಲ. ಬೆರಳು ಎಳೆದದ್ದಕ್ಕೂ ಸದ್ದು ಬದಲಾದದ್ದಕ್ಕೂ ನಡುವೆ ಎಷ್ಟು ಅಂತರ ಇದೆ ಅಂತ ಗಮನಿಸಿ. ಆಮೇಲೆ ಬ್ರೇಕ್ ಇಲ್ಲದೆ ಸಮ ವೇಗದಲ್ಲಿ ಅದನ್ನೇ ಮಾಡಿ. ಎರಡರಲ್ಲೂ ಒಂದೇ ಥರ ಇದ್ದರೆ ಗೇರ್‌ಬಾಕ್ಸ್ ಒಳ್ಳೆಯದು. ಒಂದು ಯೂ-ಟರ್ನ್‌ನಲ್ಲಿ ಸ್ಟೀರಿಂಗ್ ಅರ್ಧ ಸುತ್ತಿಗಿಂತ ಜಾಸ್ತಿ ತಿರುಗಿಸಿ ಪ್ಯಾಡಲ್ ಹುಡುಕಿ. ನಮ್ಮ ಕಾರುಗಳಲ್ಲಿ ಪ್ಯಾಡಲ್ ಸ್ಟೀರಿಂಗ್ ಜೊತೆಗೇ ತಿರುಗುತ್ತದೆ, ಎಡದ್ದು ಬಲಕ್ಕೆ ಬಂದಿರುತ್ತದೆ. ಹೇರ್‌ಪಿನ್‌ಗೆ ಮುಂಚೆಯೇ ಗೇರ್ ಇಳಿಸಿಕೊಳ್ಳಬೇಕು ಅನ್ನುವುದು ಆಗ ತಾನಾಗಿ ಅರ್ಥವಾಗುತ್ತದೆ. ಕೊನೆಗೆ ಯಾವುದಾದರೂ ಬೇಸ್‌ಮೆಂಟ್ ರ‍್ಯಾಂಪಿನಲ್ಲಿ ರಿವರ್ಸ್ ಹತ್ತಿಸಿ. ಡಿಸಿಟಿ ಅಲ್ಲಿ ಒದ್ದಾಡುತ್ತದೋ ಇಲ್ಲವೋ ನೋಡಿ.

ಮ್ಯಾನುವಲ್‌ನಲ್ಲಿ ಕ್ಲಚ್ ಎಲ್ಲಿ ಹಿಡಿಯುತ್ತದೆ, ಪೂರ್ತಿ ತುಳಿದಾಗ ಮೊಣಕಾಲು ಸ್ಟೀರಿಂಗ್ ಕಾಲಮ್ಮಿಗೆ ತಾಗುತ್ತದಾ ನೋಡಿ. ನನಗಿಂತ ಉದ್ದ ಇರುವವರಿಗೆ ಕೆಲವು ಕಾರುಗಳಲ್ಲಿ ಇದೇ ತಲೆನೋವು. ಆಮೇಲೆ 3ರಿಂದ 2ಕ್ಕೆ ಇಳಿಸಿ. ಗೇಟ್ (ಲಿವರ್ ಓಡಾಡುವ ದಾರಿ) ಗೊಂದಲ ಮಾಡುತ್ತದೆ ಅನ್ನಿಸಿದರೆ ಆ ಕಾರು ಬಿಟ್ಟುಬಿಡಿ, ಅಭ್ಯಾಸ ಆಗುತ್ತದೆ ಅನ್ನುವ ಮಾತು ನಂಬಬೇಡಿ.

ಬಿಸಿ ಮತ್ತು ಬಿಲ್ಲು

ಗ್ಯಾರೇಜಿನವನಾಗಿ ಇದನ್ನು ಒತ್ತಿ ಹೇಳಲೇಬೇಕು. ಡಿಸಿಟಿಯಲ್ಲಿ ಒಣ ಕ್ಲಚ್, ಒದ್ದೆ ಕ್ಲಚ್ ಅಂತ ಎರಡು ಜಾತಿ. ಒದ್ದೆ ಅಂದರೆ ಕ್ಲಚ್ ಎಣ್ಣೆಯಲ್ಲಿ ಮುಳುಗಿರುತ್ತದೆ, ಬಿಸಿಯನ್ನು ಎಣ್ಣೆ ಹೊತ್ತೊಯ್ಯುತ್ತದೆ. ಗಾಲ್ಫ್ ಜಿಟಿಐನಲ್ಲಿ ಇರುವುದು ಅದು. ವರ್ಟಸ್ 1.5ರಲ್ಲಿ ಇರುವ ಡಿಕ್ಯು200 ಅನ್ನುವ ಡಿಎಸ್‌ಜಿ ಒಣ ಕ್ಲಚ್ಚಿನದು. ಅದು ತಾಳುವ ಟಾರ್ಕ್, ಅಂದರೆ ತಿರುಗಿಸುವ ಬಲ, 250 ಎನ್‌ಎಂ, ಎಂಜಿನ್ ಕೊಡುವುದೂ 250 ಎನ್‌ಎಂ. ಅಂದರೆ ರೀಮ್ಯಾಪ್ ಮಾಡಿಸಿ (ಎಂಜಿನ್ ಕಂಪ್ಯೂಟರಿನ ಸಾಫ್ಟ್‌ವೇರ್ ಬದಲಿಸಿ) ಟಾರ್ಕ್ ಏರಿಸುವ ಆಸೆ ಇದ್ದರೆ ಆ ಗೇರ್‌ಬಾಕ್ಸಿನಲ್ಲಿ ಜಾಗ ಇಲ್ಲ. ರೀಮ್ಯಾಪ್ ಆಸೆ ಇದ್ದವರಿಗೆ ನಾನು ಮ್ಯಾನುವಲ್ ತಗೊಳ್ಳಿ ಅನ್ನುತ್ತೇನೆ. ಕ್ಲಚ್ ಸೋತರೆ ದಪ್ಪದ್ದು ಹಾಕಬಹುದು, ಕೈ ಸುಡುವಷ್ಟು ಖರ್ಚಾಗುವುದಿಲ್ಲ. ಡಿಸಿಟಿಯಲ್ಲಿ ಕ್ಲಚ್ ಪ್ಯಾಕ್ ಮತ್ತು ಮೆಕಾಟ್ರಾನಿಕ್ (ಗೇರ್ ಬದಲಿಸುವ ಕಂಪ್ಯೂಟರ್ ಮತ್ತು ವಾಲ್ವುಗಳ ಘಟಕ) ಎರಡೂ ಹೋದರೆ ಬಿಲ್ಲು ಲಕ್ಷ ದಾಟುತ್ತದೆ.

ಒಣ ಕ್ಲಚ್ಚನ್ನು ಟ್ರ್ಯಾಕಿಗಿಂತ ಜಾಸ್ತಿ ಕೊಲ್ಲುವುದು ಸಿಲ್ಕ್ ಬೋರ್ಡ್ ಮತ್ತು ಹೆಬ್ಬಾಳ. ಮುಂದಿನ ಕಾರು ಗೇಣು ಸರಿದರೆ ನೀವೂ ಗೇಣು ಸರಿಯುವುದು, ಅದು ಕ್ಲಚ್ಚನ್ನು ಅರ್ಧ ಹಿಡಿದು ಉಜ್ಜುವುದು. ಒಂದು ಕಾರಿನಷ್ಟು ಜಾಗ ಬಿಡಲಿ, ಆಮೇಲೆ ಬ್ರೇಕ್ ಬಿಟ್ಟು ಒಂದೇ ಸಲ ಮುಂದೆ ಹೋಗಿ. ಆಟೊದವರು ನಡುವೆ ನುಗ್ಗುತ್ತಾರೆ, ನುಗ್ಗಲಿ. ಘಾಟಿಯಲ್ಲಿ ಲಾರಿಯ ಹಿಂದೆ ನಿಂತಾಗ ಆ್ಯಕ್ಸಿಲರೇಟರಿನಲ್ಲಿ ಕಾರನ್ನು ಹಿಡಿದು ನಿಲ್ಲಿಸಬೇಡಿ, ಬ್ರೇಕ್ ಹಾಕಿ. ಮ್ಯಾನುವಲ್‌ನವರಿಗೂ ಇದೇ ಮಾತು. ಚಾರ್ಮಾಡಿಯ ವಾಸನೆ ಬರುವುದು ಹೀಗೆ ನಿಂತವರಿಂದಲೇ.

ಘಾಟಿಯ ಮಾತು ಬಂತು, ಹೇಳಿಬಿಡುತ್ತೇನೆ. ಘಾಟಿ ಟ್ರ್ಯಾಕ್ ಅಲ್ಲ. ತಿರುವಿನ ಆಚೆಯಿಂದ ಕೆಎಸ್‌ಆರ್‌ಟಿಸಿ ಬಸ್ಸು ಪೂರ್ತಿ ರೋಡು ಹಿಡಿದುಕೊಂಡೇ ಬರುತ್ತದೆ, ಅದಕ್ಕೆ ಬೇರೆ ದಾರಿಯೂ ಇಲ್ಲ. ಅಲ್ಲಿ ಪ್ಯಾಡಲ್ಲೋ ಲಿವರ್ರೋ ಬೇಕಾಗುವುದು ಇಳಿಜಾರಿನಲ್ಲಿ ಎಂಜಿನ್ ಬ್ರೇಕಿಂಗ್‌ಗೆ. 2ರಲ್ಲಿ ಇಟ್ಟು ಇಳಿಯಿರಿ, ಬ್ರೇಕ್ ತಣ್ಣಗಿರುತ್ತದೆ. ಟ್ರ್ಯಾಕಿಗೆ ಹೋಗುವವರು ಇನ್ನೊಂದು ನೆನಪಿಡಿ: ಮಾಮೂಲಿ ಇನ್ಶೂರೆನ್ಸ್ ರೇಸಿಂಗ್, ಸ್ಪೀಡ್ ಟೆಸ್ಟಿಂಗ್‌ಗೆ ಅನ್ವಯಿಸುವುದಿಲ್ಲ. ಗೋಡೆಗೆ ಗುದ್ದಿದರೆ ದುಡ್ಡು ನಿಮ್ಮದೇ.

ಯಾರಿಗೆ ಯಾವುದು

ದಿನಾ ವೈಟ್‌ಫೀಲ್ಡ್ ಓಡಾಟ, ವರ್ಷಕ್ಕೆ ಎರಡು ಟ್ರ್ಯಾಕ್ ಡೇ, ಮನೆಯಲ್ಲಿ ಒಂದೇ ಕಾರು, ಅದನ್ನೇ ಹೆಂಡತಿಯೂ ಅಪ್ಪನೂ ಓಡಿಸಬೇಕು ಅಂದರೆ ಡಿಸಿಟಿ ತಗೊಳ್ಳಿ. ವಾರಂಟಿ ಎಷ್ಟು ವರ್ಷ ವಿಸ್ತರಿಸಲು ಬಿಡುತ್ತಾರೋ ಅಷ್ಟೂ ತಗೊಳ್ಳಿ, ಅಲ್ಲಿ ಜಿಪುಣತನ ಬೇಡ. ಕಾರು ಹಾಸನ, ಚಿಕ್ಕಮಗಳೂರು ಕಡೆ ಇರುತ್ತದೆ, ಟ್ರಾಫಿಕ್ ಇಲ್ಲ, ಓಡಿಸುವುದನ್ನು ಕಲಿಯುವ ಆಸೆ ಇದೆ ಅಂದರೆ ಕಣ್ಣು ಮುಚ್ಚಿ ಮ್ಯಾನುವಲ್. ಬಜೆಟ್ ಕಮ್ಮಿ ಇದ್ದರೂ ಮ್ಯಾನುವಲ್ಲೇ. ಉಳಿದ ಒಂದೂವರೆ ಲಕ್ಷದಲ್ಲಿ ಒಳ್ಳೆ ಟೈರು, ಬ್ರೇಕ್ ಪ್ಯಾಡ್ ಬರುತ್ತದೆ, ಅದರಿಂದ ಆಗುವ ಲಾಭ ಯಾವ ಪ್ಯಾಡಲ್ಲಿಂದಲೂ ಆಗುವುದಿಲ್ಲ. ಎಡ ಮೊಣಕಾಲು ನೋವು ಇರುವವರಿಗೆ ನಾನು ಆಯ್ಕೆಯನ್ನೇ ಕೊಡುವುದಿಲ್ಲ, ಕ್ಲಚ್ ಪೆಡಲ್ ಇಲ್ಲದ್ದೇ ತಗೊಳ್ಳಬೇಕು.

ಸೆಕೆಂಡ್ ಹ್ಯಾಂಡ್ ನೋಡುವವರು ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಟಿಎಸ್‌ಐ ಹೆಸರಿಗೆ ಮರುಳಾಗುವುದು ಜಾಸ್ತಿ. 2013ರಿಂದ ಬಿಎಸ್6 ಹೊಗೆ ನಿಯಮ ಬರುವ ತನಕ ಅದರಲ್ಲಿ 1.2 ಲೀಟರ್ ಎಂಜಿನ್ ಮತ್ತು 7 ಗೇರಿನ ಡಿಎಸ್‌ಜಿ ಇತ್ತು. 2020ರಿಂದ ಅದೇ ಬ್ಯಾಡ್ಜಿನ ಕೆಳಗೆ 1.0 ಲೀಟರ್ ಎಂಜಿನ್, 6 ಗೇರಿನ ಟಾರ್ಕ್ ಕನ್ವರ್ಟರ್. ಆರ್‌ಸಿಯಲ್ಲಿ ವರ್ಷ ನೋಡಿ ಮಾತಾಡಿ. ಡಿಎಸ್‌ಜಿ ಇರುವುದಾದರೆ ಮಾಲೀಕರಿಗೆ ಮೊದಲೇ ಹೇಳಿ, ನೀವು ಬರುವ ತನಕ ಎಂಜಿನ್ ಸ್ಟಾರ್ಟ್ ಮಾಡದೆ ಇಡಲಿ. ತಣ್ಣಗಿರುವಾಗ ಒಂದು ಸಲ, ಅರ್ಧ ಗಂಟೆ ಟ್ರಾಫಿಕ್ಕಿನಲ್ಲಿ ಸುತ್ತಿ ಬಿಸಿಯಾದ ಮೇಲೆ ಇನ್ನೊಂದು ಸಲ, ಸಣ್ಣ ಏರಿನಲ್ಲಿ ಮೆಲ್ಲಗೆ 1ರಿಂದ 2ಕ್ಕೆ, 2ರಿಂದ 3ಕ್ಕೆ ಹೋಗಲು ಬಿಡಿ. ನಡುಗಿದರೆ ಕ್ಲಚ್ ಮುಗಿಯುತ್ತಾ ಬಂದಿದೆ. ಪಿಯಿಂದ ಆರ್‌ಗೆ ಹಾಕಿದಾಗ ಎರಡು ಸೆಕೆಂಡ್ ತಡವಾಗಿ ಧಡ್ ಅಂದರೆ ಮೆಕಾಟ್ರಾನಿಕ್ ಕಡೆ ಅನುಮಾನ ಇಟ್ಟುಕೊಳ್ಳಿ. ಸ್ಕ್ಯಾನರ್ ಹಾಕಿ ಕೋಡ್ ಓದಿಸುವ ತನಕ ಅಡ್ವಾನ್ಸ್ ಕೊಡಬೇಡಿ.